ಬಿಡಬಾರದ ಚುಕ್ಕಾಣಿ

ಹಡಗಿನ ಎಂಜಿನ್ ಕೆಮ್ಮುತ್ತಿದೆ ಎಂದು ವೀಟ್ಸ್ಕೆ ಬೆಳಿಗ್ಗೆಯೇ ಗಂಡನಿಗೆ ಹೇಳಿದ್ದಳು. ಸೋಂಪು ಹಾಕಿ ಬಿಸಿಹಾಲು ಕುಡಿಸು, ಸರಿಹೋಗುತ್ತೆ ಎಂದು ಹಾರ್ಮೆನ್ ನಕ್ಕಿದ್ದ. ಈಗ ರೈಲು ಸೇತುವೆ ಕಣ್ಣೆದುರಿಗೆ ಬಂದಾಗ ಅದು ಎರಡು ಸಲ ಗೊರಗುಟ್ಟಿ ಸುಮ್ಮನಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಡಗು ಬಂದಾಗ ತೆರೆದು ದಾರಿ ಬಿಡುವ ಆ ಸೇತುವೆ ಈಗ ಮುಚ್ಚಿತ್ತು. ರೈಲು ದಾಟುವವರೆಗೆ ಕಾವಲುಗಾರ ಅದನ್ನು ತೆರೆಯುವಂತಿರಲಿಲ್ಲ. ಹಾಯಿ ಇಳಿಸಿ, ಎಂಜಿನ್ ಹಿಂದಕ್ಕೆ ಓಡಿಸುತ್ತ ಕಾಯುವುದು ಫ್ರೀಸ್‌ಲ್ಯಾಂಡಿನ ಹಡಗಿನವರ ರೂಢಿ. ಆದರೆ ಬೆನ್ನಿಗೆ ಗಾಳಿ, ಮಳೆನೀರು ತುಂಬಿದ ಕಾಲುವೆಯ ಸೆಳೆತ, ಹಡಗಿನ ಹೊಟ್ಟೆ ತುಂಬ ಸಕ್ಕರೆ ಗೆಡ್ಡೆ. ಮುಂಭಾಗದಲ್ಲಿದ್ದ ವೀಟ್ಸ್ಕೆ ಲಂಗರು ಬಿಟ್ಟಳು. ಅದು ಕೆಸರನ್ನು ಉಳುತ್ತ ಹಿಂದೆಯೇ ಬಂತು.

ಉಳಿದದ್ದು ಒಂದೇ ದಾರಿ. ಹಾಯಿಕಂಬವನ್ನು ಹಿಂದಕ್ಕೆ ಮಲಗಿಸಿದರೆ ಹಡಗು ಸೇತುವೆಯಡಿ ನುಸುಳುತ್ತಿತ್ತು. ವೀಟ್ಸ್ಕೆ ಕಂಬದ ಹಗ್ಗ ಸುತ್ತಿದ್ದ ರಾಟೆಯ ಕೊಂಡಿ ತೆಗೆದು, ಹಿಡಿ ಹಿಡಿದು, ತಿರುಗಿ ನೋಡಿದಳು. ಕಂಬ ಮಲಗುವ ಜಾಗದಲ್ಲೇ ಮಗಳು ನಿಂಕೆ ಕೂತು ಮರದ ಚಮಚದಿಂದ ಹಲಗೆ ಬಡಿಯುತ್ತಿದ್ದಳು. ಪುಟ್ಟ ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಹಲಗೆಯ ಕಬ್ಬಿಣದ ಬಳೆಗೆ.

ಆ ಹಗ್ಗ ಅತ್ತೆ ಆಫ್ಕೆಯ ಕಟ್ಟಪ್ಪಣೆ. ಹಾರ್ಮೆನ್‌ನ ತಂಗಿ ಹಿಸ್ಕೆ ಇದೇ ವಯಸ್ಸಿನಲ್ಲಿ ನೀರಿಗೆ ಬಿದ್ದು ತೀರಿಹೋಗಿದ್ದಳು. ಹಡಗಿನಲ್ಲಿ ಮಗುವನ್ನು ಕಟ್ಟದೆ ಬಿಡಬಾರದು ಎಂಬುದು ಅತ್ತೆಯ ಮಾತು. ಪ್ರಾಣ ಹೋದರೂ ಚುಕ್ಕಾಣಿ ಬಿಡಬಾರದು ಎಂಬುದು ಸತ್ತುಹೋದ ಮಾವನ ಮಾತು. ಈ ಎರಡನ್ನು ಹಾರ್ಮೆನ್ ಎಂದೂ ಮೀರಿದವನಲ್ಲ.

ಕೊಂಡಿಯನ್ನು ಮತ್ತೆ ಸಿಕ್ಕಿಸಲು ನೋಡಿದರೆ ಅದು ಕೂರಲೊಲ್ಲದು. ಕಂಬದ ಭಾರವೆಲ್ಲ ವೀಟ್ಸ್ಕೆಯ ತೋಳಿನ ಮೇಲೆ. ಕೈ ಬಿಟ್ಟರೆ ಅದು ಮಗುವಿನ ಮೇಲೆ. ಬಿಡದಿದ್ದರೆ ಸೇತುವೆಯೇ ಅದನ್ನು ಮುರಿದು ಕೆಡವುತ್ತದೆ.

“ಹಾರ್ಮೆನ್, ಮಗು ಕೆಳಗಿದೆ. ಹಗ್ಗ ಬಿಚ್ಚು.”

ಹಿಂದೆ ಚುಕ್ಕಾಣಿ ಹಿಡಿದಿದ್ದ ಹಾರ್ಮೆನ್‌ನ ಮುಖ ಸುಣ್ಣವಾಯಿತು. “ಇದನ್ನ ಬಿಟ್ರೆ ಹಡಗು ಅಡ್ಡ ತಿರುಗುತ್ತೆ,” ಎಂದ. ಕಾಲು ಮಾತ್ರ ಕದಲಲಿಲ್ಲ. ವೀಟ್ಸ್ಕೆಗೆ ಆ ಗಳಿಗೆಯಲ್ಲಿ ಅವನನ್ನು ಕೊಂದುಹಾಕುವಷ್ಟು ಸಿಟ್ಟು ಬಂತು.

ಅವನ ಪಕ್ಕದಲ್ಲಿ ಮಂಡಿನೋವಿನ ಆಫ್ಕೆ ಆಲೂಗಡ್ಡೆ ಹೆರೆಯುತ್ತ ಕೂತಿದ್ದಳು. ಚಾಕುವಿನ ಹಿಡಿಯನ್ನು ಮಗನ ಕಡೆ ಚಾಚಿದಳು.

“ಬಿಡೋ ಅದನ್ನ.”

“ಅಮ್ಮಾ, ಹಡಗು—”

“ಹಾಳಾಗ್ಲಿ ಹಡಗು. ಹೋಗು.”

ಹಾರ್ಮೆನ್ ಓಡಿದ. ಒದ್ದೆ ಹಗ್ಗ ಒಂದೇಟಿಗೆ ತುಂಡಾಗಲಿಲ್ಲ, ಗರಗಸದಂತೆ ಕೊಯ್ದ. ಮಗುವನ್ನು ಅವುಚಿಕೊಂಡು ಅವನು ಪಕ್ಕಕ್ಕೆ ಉರುಳಿದ್ದೇ ತಡ ವೀಟ್ಸ್ಕೆ ಕೈ ಬಿಟ್ಟಳು. ಅಷ್ಟರಲ್ಲಿ ಹಡಗು ಅಡ್ಡ ತಿರುಗಿಯಾಗಿತ್ತು. ಅರ್ಧ ಇಳಿದ ಕಂಬ ಸೇತುವೆಗೆ ಬಡಿದು ಮುರಿದು, ಚಮಚ ಬಿದ್ದಿದ್ದ ಕಡೆಯೇ ಅಪ್ಪಳಿಸಿತು. ಹಡಗಿನ ಪಕ್ಕೆ ಸೇತುವೆಯ ಕಂಬಕ್ಕೆ ಗುದ್ದಿ ಬಿರಿಯಿತು. ಮೇಲೆ ರೈಲು ಏನೂ ಆಗದಂತೆ ದಾಟಿಹೋಯಿತು.

ಕಾವಲುಗಾರ ನಾಲ್ವರನ್ನೂ ದಡ ಹತ್ತಿಸಿದ. ಇದ್ದ ಮನೆ, ತಿನ್ನುವ ಅನ್ನ ಎರಡೂ ಆಗಿದ್ದ ಹಡಗು ಗೆಡ್ಡೆಗಳನ್ನು ನೀರಿಗೆ ಕಾರುತ್ತ ಮುಳುಗತೊಡಗಿತು. ಹಾರ್ಮೆನ್ ತಲೆ ಮೇಲೆ ಕೈ ಹೊತ್ತು, ಅಪ್ಪ ಇದ್ದಿದ್ದರೆ ತನ್ನ ಮುಖಕ್ಕೆ ಉಗಿಯುತ್ತಿದ್ದ ಎಂದು ಅತ್ತ.

ಆಫ್ಕೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೊಂಟದಲ್ಲಿ ಉಳಿದಿದ್ದ ಹಗ್ಗದ ಗಂಟು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಹಿಸ್ಕೆ ಬಿದ್ದಾಗ ನಿಮ್ಮಪ್ಪನ ಕೈಗೆಟುಕೋ ಹಾಗಿದ್ಲು ಕಣೋ. ಅವರು ಚುಕ್ಕಾಣಿ ಬಿಡಲಿಲ್ಲ,” ಎಂದಳು. “ಹಡಗೇನೋ ಉಳೀತು.”