ಅವರ ಹಾಗೇ ಒಬ್ಬರು

ನನ್ನ ಹೆಂಡತಿ ಸೀತು ನನ್ನನ್ನು ತನ್ನ ಗಂಡ ಅಲ್ಲ ಅನ್ನಲು ಶುರುಮಾಡಿ ಎರಡು ತಿಂಗಳಾಯಿತು. ಮುಖ ಅದೇ, ನಡಿಗೆ ಅದೇ, ಅದನ್ನೆಲ್ಲ ಒಪ್ಪುತ್ತಾಳೆ. ಹೆಬ್ಬೆರಳಿನ ಕಲೆ ತೋರಿಸಿದೆ. “ಹೌದು, ಅವರಿಗೂ ಅಲ್ಲೇ ಉಂಟು” ಅಂದಳು. ಮದುವೆಯಾದ ಹೊಸತರಲ್ಲಿ ನಮ್ಮಿಬ್ಬರ ನಡುವೆ ಮಾತ್ರ ಆಡಿದ್ದ ಒಂದು ಮಾತು ನೆನಪಿಸಿದೆ. “ಅದನ್ನೂ ಅವರು ನಿಮ್ಮ ಹತ್ರ ಹೇಳಿದ್ರಾ?” ಅಂತ ಬೇಜಾರು ಮಾಡಿಕೊಂಡಳು.

ಮೆದುಳಿನ ಕಾಯಿಲೆ, ಕಣ್ಣಿಗೆ ಕಂಡದ್ದು ಮನಸ್ಸಿಗೆ ತಾಗುವುದಿಲ್ಲ ಅಂದರು ಡಾಕ್ಟರು. ವಾದ ಮಾಡಬೇಡಿ ಅಂತಲೂ ಹೇಳಿದರು. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಅದನ್ನು ಬೇರೆ ಹೇಳಿಕೊಡಬೇಕೇ?

ಕುಂಬ್ರದಲ್ಲಿ ನನ್ನದು ಪಂಪ್ ರಿಪೇರಿ ಅಂಗಡಿ, ಹಿಂದುಗಡೆಯೇ ಮನೆ. ಹೊಸ ಪೇಂಟ್ ಹೊಡೆದು ಕೊಟ್ಟರೆ “ಇದು ನನ್ನ ಪಂಪಲ್ಲ ಮಾರಾಯ್ರೆ” ಅನ್ನುವ ಗಿರಾಕಿಗಳು ಇದ್ದಾರೆ. ಬುಡದಲ್ಲಿ ನಗ್ಗಿದ ಜಾಗ ತೋರಿಸಿದರೆ ಸುಮ್ಮನೆ ಹೊತ್ತುಕೊಂಡು ಹೋಗುತ್ತಾರೆ. ಸೀತು ನನ್ನ ನಗ್ಗುಗಳನ್ನೆಲ್ಲ ನೋಡಿಯೂ ಒಪ್ಪಿಕೊಳ್ಳಲಿಲ್ಲ.

ಹಾಗಂತ ಹೊರಗೆ ಹಾಕಲೂ ಇಲ್ಲ. ಗಂಡನ ಕಡೆಯವರು ಯಾರೋ ಅಂದುಕೊಂಡಿದ್ದಾಳೆ. ಗಂಡನಾಗಿ ಕಾಣದ ಉಪಚಾರ ಈಗ ಸಿಗುತ್ತಿದೆ. ಹಪ್ಪಳ ಕಾಯಿಸುತ್ತಾಳೆ, “ನಾಚಿಕೆ ಮಾಡ್ಬೇಡಿ” ಅಂತ ಇನ್ನೊಂದು ಸೌಟು ಬಡಿಸುತ್ತಾಳೆ. ಆದರೆ ತಾನು ಉಣ್ಣುವುದಿಲ್ಲ. ಗಂಡ ಉಣ್ಣದೆ ಉಂಡವಳೇ ಅಲ್ಲ ಅವಳು. ಅದೊಂದು ಹಳೇ ಹಟ, ಎಷ್ಟು ಬೈದರೂ ಬಿಟ್ಟಿರಲಿಲ್ಲ. ಈಗ ಅವಳ ಗಂಡ ಬರಬೇಕು, ಬಂದು ಉಣ್ಣಬೇಕು. ಆ ಗಂಡ ಎದುರಿಗೇ ಕೂತು ಹಪ್ಪಳ ಮುರಿಯುತ್ತಿದ್ದಾನೆ.

ಮಗಳು ತೃಪ್ತಿಗೆ ರಾಮಕುಂಜದಲ್ಲಿ ಟೀಚರ್ ಕೆಲಸ. ಸಂಜೆ ಬಂದು ಗೋಗರೆದರೆ ನಾಲ್ಕು ಚಮಚ ಗಂಜಿ ಹೊಟ್ಟೆಗೆ ಹೋಗುತ್ತಿತ್ತು. ಸೀತುವಿಗೆ ಸಕ್ಕರೆ ಕಾಯಿಲೆ ಬೇರೆ. ಮಾತ್ರೆ ತಿಂದು ಉಪವಾಸ ಕೂತರೆ ಜೀವಕ್ಕೇ ಅಪಾಯ ಅಂತ ಡಾಕ್ಟರು ಹೆದರಿಸಿದ್ದರು. ಒಮ್ಮೆ ಬಚ್ಚಲಲ್ಲಿ ಬಿದ್ದದ್ದೂ ಆಯಿತು. ನನಗೆ ಸಾಕಾಗಿ ಹೋಗಿತ್ತು. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಪಕ್ಕದ ಮನೆಯ ಶಮೀನಾಳನ್ನು ಸೀತುವಿನ ಹತ್ತಿರ ಕೂರಿಸಿ, ತಾಮ್ರದ ತಂತಿ ತರಲು ಪುತ್ತೂರಿಗೆ ಹೋದೆ. ಬಸ್ಸು ಸಿಗದೆ ತಡವಾಯಿತು. ಮನೆಗೆ ಫೋನ್ ಮಾಡಿದರೆ ಎತ್ತಿದ್ದು ಸೀತು.

“ಎಲ್ಲಿದ್ದೀರಿ ನೀವು? ಇಷ್ಟು ದಿನ ಒಂದು ಫೋನ್ ಮಾಡ್ಲಿಕ್ಕೆ ಆಗುದಿಲ್ವಾ?”

ಬಸ್‌ಸ್ಟ್ಯಾಂಡಿನಲ್ಲಿ ಜನ ನೋಡುತ್ತಿದ್ದರು. ನಾನು ಅತ್ತುಬಿಟ್ಟೆ.

“ನನ್ನ ಊಟ ಆಯ್ತು, ನೀನು ಉಣ್ಣು” ಅಂದೆ.

ಉಂಡಳಂತೆ, ಹೊಟ್ಟೆ ತುಂಬಾ. ಗುಣವಾಯಿತು ಅಂದುಕೊಂಡು ಆಟೋ ಹಿಡಿದು ಬಂದೆ. ಬಾಗಿಲು ತೆಗೆದವಳ ಮುಖ ಅರಳಿತ್ತು. “ಬನ್ನಿ ಬನ್ನಿ, ಅವರ ಫೋನ್ ಬಂದಿತ್ತು” ಅಂದಳು.

ಈಗ ದಿನಾ ಮಧ್ಯಾಹ್ನ ಅತಿಥಿಯಾಗಿ ಉಂಡು ಕೈತೊಳೆದು, ಅಂಗಡಿಯ ಶಟರ್ ಅರ್ಧ ಎಳೆದು, ಗಂಡನಾಗಿ ಫೋನ್ ಮಾಡುತ್ತೇನೆ. ಸುಳ್ಯದ ಕಡೆ ಕೆಲಸ ಉಂಟು, ಮುಗಿದಿಲ್ಲ ಅನ್ನುತ್ತೇನೆ. ಮುಖ ಕಾಣದಿದ್ದರೆ ಸ್ವರ ಅವಳ ಮನಸ್ಸಿಗೆ ತಾಗುತ್ತದೆ. ನಂಬುತ್ತಾಳೆ, ಉಣ್ಣುತ್ತಾಳೆ.

ನಿನ್ನೆ ಸ್ವರ ತಗ್ಗಿಸಿ, “ಇಲ್ಲಿ ಒಬ್ಬರು ಇದ್ದಾರೆ. ನಿಮ್ಮ ಹಾಗೇ” ಅಂದಳು.

ಕೇಳಬಾರದಿತ್ತು, ಕೇಳಿದೆ. “ನನ್ನಲ್ಲಿ ಎಂತ ಉಂಟು, ಅವರಲ್ಲಿ ಇಲ್ಲದ್ದು?”

ಸ್ವಲ್ಪ ಹೊತ್ತು ಯೋಚಿಸಿದಳು. “ಹಾಗೆ ನೋಡಿದ್ರೆ ಎಂತದ್ದೂ ಇಲ್ಲ. ಎಲ್ಲ ಒಂದೇ.”

“ಮತ್ತೆ?”

“ಮತ್ತೆಂತ? ನೀವು ನೀವೇ ಅಲ್ವಾ?”

ಅವಳೇ ಮುಂದುವರಿಸಿದಳು. “ಪಾಪದವರು. ನಿನ್ನೆ ರಾತ್ರಿ ನನ್ನ ಕಾಲು ನೋವಿಗೆ ಎಣ್ಣೆ ತಿಕ್ಕಿದ್ರು. ಅವರಿಗೆ ಹೋಗ್ಲಿಕ್ಕೆ ಬೇರೆ ಮನೆ ಇಲ್ಲ ಅಂತ ಕಾಣ್ತದೆ. ನೀವು ಬಂದ ಮೇಲೆ ಅವರನ್ನು ಕಳಿಸ್ಬೇಡಿ, ಆಯ್ತಾ?”

“ಕಳಿಸುದಿಲ್ಲ” ಅಂದೆ. “ನೀನು ಉಣ್ಣು.”