ರೇಸಿನ ಡಬ್ಬಿ

ಧೂಳಪ್ಪನ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಅಕ್ಕಲಕೋಟ ಬಸ್ ಸ್ಟ್ಯಾಂಡಿನ ಹಿಂದೆ ಕಲ್ಯಾಣಪ್ಪನ ಟಪರಿ, ತಗಡಿನ ಪುಟ್ಟ ಅಂಗಡಿ. ಅದರ ಮುಂದೆ ಒಡೆದ ಬ್ಯಾಟರಿ ಪೆಟ್ಟಿಗೆಯ ಮೇಲೆ ಮುದುಕ ದಿನಾ ಬಂದು ಕೂಡುತ್ತಿದ್ದ. ಚಪ್ಪಲಿ ಕಾಣದ ಆ ಪಾದ ಕಾದ ನೆಲವನ್ನು ಮೆಲ್ಲಗೆ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಕಲ್ಯಾಣಪ್ಪ ಗಾಡಿಗಳ ವೈರಿಂಗ್ ಮಾಡುವವನು. ಕೆಲಸದಿಂದ ತಲೆ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಆ ಕಾಲೇ.

"ಕಾಕಾ, ಕಾಲು ನಿಂದರಸು."

"ನಾ ಎಲ್ಲಿ ಆಡಸಾಕತ್ತೀನೋ? ಅದ ಆಡತದ."

ಧೂಳಪ್ಪ ಸಿದ್ದರಾಮಪ್ಪ ಸಾವಕಾರನ ಲಾರಿಯಲ್ಲಿ ಕೂತೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಆ ಲಾರಿ ಎಲ್ಲಿಗೂ ಹೋಗುವ ಲಾರಿಯಲ್ಲ. ಸಾವಕಾರ ಹರಾಜಿನಲ್ಲಿ ಹಿಡಿದು ಅದರ ಬೆನ್ನಿನ ಮೇಲೆ ತಂತಿಹಗ್ಗ ಸುತ್ತುವ ಡ್ರಮ್ಮು ಕೂರಿಸಿದ್ದ. ಬಾವಿ ತೋಡುವ ಕಡೆ ಅದನ್ನು ನಿಲ್ಲಿಸಿದರೆ ಇಂಜಿನ್ ಡ್ರಮ್ಮನ್ನು ತಿರುಗಿಸುತ್ತದೆ, ಕಲ್ಲು ತುಂಬಿದ ಕಬ್ಬಿಣದ ಬಕೀಟು ಮೇಲೇರುತ್ತದೆ. ಹಿಂದೆ ಲಿವರ್ ಹಿಡಿಯುವವನೊಬ್ಬ. ಮುಂದೆ ಕ್ಯಾಬಿನ್ನಿನಲ್ಲಿ ಇಂಜಿನ್ನಿಗೆ ರೇಸ್ ಕೊಡುವ ಪೆಡಲು ಒತ್ತುವವನು ಧೂಳಪ್ಪ. ಬಕೀಟು ಎಲ್ಲಾದರೂ ಸಿಕ್ಕರೆ ಇಂಜಿನ್ನಿನ ದನಿ ಇಳಿಯುತ್ತದೆ, ಪೆಡಲು ನಡುಗುತ್ತದೆ. ಮುದುಕನಿಗೆ ಅಂಗಾಲಲ್ಲೇ ತಿಳಿಯುತ್ತಿತ್ತು. ತಕ್ಷಣ ಕಾಲು ಎತ್ತಿಬಿಡುವನು.

ಸಾವಕಾರನಿಗೆ ದೇವರು ಎರಡು ಕಣ್ಣು ಕೊಟ್ಟಿದ್ದ. ಎರಡೂ ಬೇರೆಯವರ ಪಗಾರದ ಮೇಲೇ ಇದ್ದವು.

"ಕುಂತು ಕಾಲು ಒತ್ತಾಕ ಒಬ್ಬ ಆಳು ಯಾಕ ಬೇಕು?" ಎಂದು ಸೊಲ್ಲಾಪುರದ ಅಂಗಡಿಯಿಂದ ಹೊಸದೊಂದು ಡಬ್ಬಿ ತಂದ. ಕಾಲಿಲ್ಲದೆಯೇ ಇಂಜಿನ್ನಿನ ವೇಗವನ್ನು ಹಿಡಿದಿಡುವ ಡಬ್ಬಿ. ಕಲ್ಯಾಣಪ್ಪ ಅಂಥದನ್ನು ಹಿಂದೆಂದೂ ಜೋಡಿಸಿರಲಿಲ್ಲ. ಚಾವಿಯಿಂದ ಕರೆಂಟು ತಂದ, ಚಾಸಿಗೆ ಅರ್ಥ್ ಬಿಗಿದ, ವೇಗ ತಿಳಿಯಲು ಆಲ್ಟರ್ನೇಟರಿನಿಂದ ಒಂದು ವೈರು ಎಳೆದ, ಡೀಸೆಲ್ ಪಂಪಿನ ಲಿವರಿಗೆ ಕೇಬಲ್ ಸಿಕ್ಕಿಸಿದ. ಕರಜಗಿ ಊರಲ್ಲಿ ಸಾವಕಾರ ತೋಡಿಸುತ್ತಿದ್ದ ಬಾವಿಯ ದಂಡೆಯಲ್ಲಿ ಚಾಲೂ ಮಾಡಿ ತೋರಿಸಿದಾಗ ಅವನ ಎದೆ ಉಬ್ಬಿತ್ತು.

"ನೋಡ್ರಿ ಸಾವಕಾರ್ರ, ಭಾರ ಬಿದ್ದಷ್ಟೂ ತಾನ ಡೀಸೆಲ್ ಜಾಸ್ತಿ ಕೊಡತದ. ದನಿ ಇಳಿಯೂದಿಲ್ಲ. ಆದರ ಬಾವಿ ದಂಡ್ಯಾಗ ಒಂದು ಬಂದ್ ಮಾಡೂ ಬಟನ್ ಬೇಕ್ರಿ."

"ಅದೆಲ್ಲಾ ಆಮ್ಯಾಲ ನೋಡೂಣು."

ಬಾವಿ ಕಡಿಯುವ ಭೀಮಣ್ಣ ಮೇಲೆ ಹತ್ತಿ ಬಂದಿದ್ದ. ಪಂಢರಪುರದ ತುಳಸಿಮಾಲೆ ಹಾಕಿಕೊಂಡ ಮನುಷ್ಯ, ಮೈತುಂಬ ಕಲ್ಲಿನ ಪುಡಿ. ಡಬ್ಬಿಯ ಸುತ್ತ ಬಗ್ಗಿ ನೋಡಿ ಕೇಳಿದ: "ತಮ್ಮಾ, ಇದಕ್ಕ ಕಿವಿ ಎಲ್ಲಿ ಅವ? ನಾವು ಕೆಳಗಿಂದ ಒದರಿದ್ರ ಕೇಳತದೇನು?"

ಎಲ್ಲರೂ ನಕ್ಕರು. ಕಲ್ಯಾಣಪ್ಪನೂ ನಕ್ಕ.

ಮರುದಿನದಿಂದ ಧೂಳಪ್ಪ ಬರುವುದು ಬೇಡ ಎಂದಾಯಿತು.

ಆಮೇಲಿನದನ್ನು ಕರಜಗಿಯಲ್ಲಿ ಯಾರೂ ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಭೀಮಣ್ಣ ಬಾವಿಯ ಗೋಡೆಯ ಚಾಚಿನ ಮೇಲೆ ನಿಂತು ಸಡಿಲ ಕಲ್ಲು ಕೀಳುತ್ತಿದ್ದ. ಮೇಲೇಳುತ್ತಿದ್ದ ಬಕೀಟು ತೂಗಾಡಿ ಅವನ ತಲೆಯ ಮೇಲೆ ಚಾಚಿದ್ದ ಬಂಡೆಯ ಅಡಿಗೆ ಸಿಕ್ಕಿತು. ಬಂಡೆಗೂ ಬಕೀಟಿಗೂ ನಡುವೆ ಅವನಿದ್ದ. ಕೆಳಗಿನವರು ಕೂಗಿದರು. ದಂಡೆಯ ಮೇಲೆ ಕಲ್ಲು ಹೊರುತ್ತಿದ್ದ ಅವನ ಹೆಂಡತಿ ಜನಾಬಾಯಿ ಬುಟ್ಟಿ ಎಸೆದು ಕೂಗಿದಳು. ಆ ಕೂಗೆಲ್ಲ ಇಂಜಿನ್ನಿನ ಗದ್ದಲದಲ್ಲಿ ಮುಳುಗಿತು. ಡಬ್ಬಿ ಭಾರ ಬಿತ್ತೆಂದು ಇನ್ನಷ್ಟು ಡೀಸೆಲ್ ಕೊಟ್ಟಿತು. ದನಿ ಇಳಿಯಲಿಲ್ಲ. ದನಿ ಇಳಿಯದಿದ್ದರೆ ಲಾರಿಯ ಹಿಂದೆ ಲಿವರ್ ಹಿಡಿದವನಿಗಾದರೂ ಹೇಗೆ ಗೊತ್ತಾಗಬೇಕು?

ಪೊಲೀಸರು ಬರುವ ಮೊದಲು ಸಾವಕಾರನ ಜೀಪು ಕಲ್ಯಾಣಪ್ಪನನ್ನು ಹೊತ್ತು ತಂದಿತು. ಭೀಮಣ್ಣ ಧೋತರದ ಕೆಳಗೆ ಮಲಗಿದ್ದ. ಕಲ್ಯಾಣಪ್ಪ ಬಾನೆಟ್ಟಿನೊಳಗೆ ತಲೆ ತೂರಿಸಿ ಡಬ್ಬಿಯ ನಟ್ಟು ಬಿಚ್ಚುತ್ತಿದ್ದ. ಒಮ್ಮೆಯೂ ಹೊರಳಿ ನೋಡಲಿಲ್ಲ.

"ಡಬ್ಬಿ ಇರಲೇ ಇಲ್ಲ. ತಿಳೀತೇನು?" ಎಂದ ಸಾವಕಾರ. ಭೀಮಣ್ಣ ಕುಡಿದು ಬಕೀಟಿಗೆ ಅಡ್ಡ ಬಂದ ಎಂದು ಪಂಚನಾಮೆಯಾಯಿತು. ತುಳಸಿಮಾಲೆ ಹಾಕಿದ ಮೇಲೆ ಹೆಂಡ ಮುಟ್ಟದವನು ಸತ್ತ ಮೇಲೆ ಕುಡುಕನಾದ. ಇಂಥ ಪವಾಡಗಳು ಸಾವಕಾರರ ಬಾಯಲ್ಲೇ ಆಗುತ್ತವೆ.

ಗೋಣಿಚೀಲ ಸುತ್ತಿದ ಡಬ್ಬಿ ಟಪರಿಯ ಮೂಲೆ ಸೇರಿತು. ಅದಕ್ಕೆ ವೈರಿಲ್ಲ, ಬ್ಯಾಟರಿಯಿಲ್ಲ. ಆದರೂ ಕಲ್ಯಾಣಪ್ಪನಿಗೆ ಮಟಮಟ ಮಧ್ಯಾಹ್ನ ಅದು ಗುಂಯ್ ಅಂದಂತಾಗುವುದು. ಚೀಲದ ಮೇಲೆ ಕೈಯಿಟ್ಟು ನೋಡುವನು. ಸ್ಟ್ಯಾಂಡಿನಲ್ಲಿ ಬಸ್ಸೊಂದು ಚಾಲೂ ಇಟ್ಟು ನಿಂತಿದ್ದರೆ ಉಸಿರು ಬಿಗಿಹಿಡಿದು ಕಾಯುವನು. ಈಗ ದನಿ ಇಳಿದೀತು, ಈಗ ಇಳಿದೀತು. ಇಳಿಯುತ್ತಿರಲಿಲ್ಲ. ಹೆಂಡತಿ ಗುರಮ್ಮ ಬಡಿಸಿದ ರೊಟ್ಟಿ ತಟ್ಟೆಯಲ್ಲೇ ಒಣಗುತ್ತಿತ್ತು.

"ನಾ ಕುಂತಿದ್ರ ಅಂವಾ ಉಳೀತಿದ್ದ," ಎನ್ನುವನು ಧೂಳಪ್ಪ. ಯಾರನ್ನೂ ಬೈಯುತ್ತಿರಲಿಲ್ಲ. ಅದೇ ಕಲ್ಯಾಣಪ್ಪನಿಗೆ ತಡೆಯಲಾಗುತ್ತಿರಲಿಲ್ಲ. ಮುದುಕ ಎದ್ದು ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ಸಮಾಧಾನವಿತ್ತು.

ಮಳೆಗಾಲ ಹತ್ತಿರ ಬಂದಾಗ ಸಾವಕಾರ ಬಂದ. "ಬಾವಿ ಅರ್ಧಕ್ಕ ನಿಂತದ. ನಾಳೆ ಬಂದು ಡಬ್ಬಿ ಜೋಡಸು."

"ಬ್ಯಾಡ್ರಿ ಸಾವಕಾರ್ರ. ಧೂಳಪ್ಪ ಕಾಕಾಗ ಕರೀರಿ. ಕೈ ಮುಗೀತೀನಿ."

"ನಿನ್ನ ಟಪರಿ ಯಾರ ಜಾಗಾದಾಗ ಅದ?"

ಜಾಗ ಸಾವಕಾರನದೇ. ಕಲ್ಯಾಣಪ್ಪ ತಲೆ ಬಗ್ಗಿಸಿದ. ಮರುದಿನ ಚೀಲ ಹೆಗಲಿಗೇರಿಸಿ ಕರಜಗಿ ಬಸ್ಸು ಹತ್ತಿದ. ಯಾರೂ ಕರೆಯದಿದ್ದರೂ ಧೂಳಪ್ಪ ಹಿಂದಿನ ಸೀಟಿನಲ್ಲಿ ಬಂದು ಕೂತಿದ್ದ.

ಬಾವಿ ಕಡಿಯುವವರು ಬೇವಿನ ನೆರಳಲ್ಲಿದ್ದರು. ಜನಾಬಾಯಿ ಮಾತ್ರ ದಂಡೆಯ ಬಿಸಿಲಲ್ಲಿ ಕೂತಿದ್ದಳು. ದಿನಾ ಹೀಗೇ ಬಂದು ಕೂಡುತ್ತಾಳಂತೆ. ಅವಳು ಕಲ್ಯಾಣಪ್ಪನ ಕೈಯಲ್ಲಿದ್ದ ಚೀಲವನ್ನು ನೋಡಿದಳು.

ಅವನು ಬಾನೆಟ್ ಎತ್ತಿದ. ಮತ್ತೆ ಅದೇ ವೈರು, ಅದೇ ಕೇಬಲ್ಲು. ಕೈ ತಾನಾಗಿ ಕೆಲಸ ಮಾಡಿತು. ಚಾವಿ ತಿರುಗಿಸಿದ. ಇಂಜಿನ್ ಕೆಮ್ಮಿ ಎದ್ದು ಒಂದೇ ಸಮನೆ ದನಿ ಹಿಡಿಯಿತು. ಆ ದನಿಯೇ. ಇದಕ್ಕ ಕಿವಿ ಎಲ್ಲಿ ಅವ, ತಮ್ಮಾ? ಪಕ್ಕದಲ್ಲೇ ಯಾರೋ ಕೇಳಿದಂತಾಗಿ ಕಲ್ಯಾಣಪ್ಪ ಹೊರಳಿ ನೋಡಿದ. ಅಂದು ನೋಡದವನು ಇಂದು ನೋಡಿದ. ಅಲ್ಲಿ ಜನಾಬಾಯಿ ಇದ್ದಳು.

"ಹೂಂ, ಇಳೀರಿ!" ಸಾವಕಾರ ಬೇವಿನ ಕಡೆಗೆ ಕೈ ಬೀಸಿದ. "ಚಲಾ, ಚಲಾ!"

ಯಾರೂ ಏಳಲಿಲ್ಲ.

ಕಲ್ಯಾಣಪ್ಪ ಕ್ಯಾಬಿನ್ನಿನಿಂದ ಇಳಿದು ಬಂದ. "ಡಬ್ಬಿ ಬರೋಬರ್ ಅದ ಸಾವಕಾರ್ರ. ನೀವು ಹೇಳಿದಾಂಗ ಜೋಡಿಸೀನಿ. ಈಗ ನೀವು ಬಕೀಟಿನ್ಯಾಗ ಕುಂದರ್ರಿ."

"ಏನಂದಿ?"

"ಕೆಳಗ ಒಮ್ಮಿ ಹೋಗಿ ಬರ್ರಿ. ಏನರ ಆದ್ರ ಒದರ್ರಿ. ಡಬ್ಬಿ ಕೇಳತದೋ ಇಲ್ಲೋ ನೋಡೂಣು."

ಬೇವಿನ ಕೆಳಗಿನವರು ಒಬ್ಬೊಬ್ಬರಾಗಿ ಎದ್ದು ಬಂದು ಬಕೀಟಿನ ಸುತ್ತ ನಿಂತರು. ಜನಾಬಾಯಿ ಅದರ ಅಂಚು ಹಿಡಿದು ಅಲುಗದಂತೆ ನಿಲ್ಲಿಸಿದಳು.

"ಕುಂದರ್ರಿ ಸಾವಕಾರ್ರ. ಹೆದರಬ್ಯಾಡ್ರಿ. ದಂಡ್ಯಾಗ ನಾ ನಿಂತು ಒದರತೀನಿ," ಎಂದಳು. "ಅವತ್ತೂ ನಾನ ಒದರಿದ್ನಿ."

ಸಾವಕಾರ ಬಾವಿಯೊಳಗೆ ಬಗ್ಗಿ ನೋಡಿದ. ನಾಲಿಗೆಯಿಂದ ತುಟಿ ಸವರಿಕೊಂಡ. ಆಮೇಲೆ ಸರಸರ ಹೋಗಿ ತಾನೇ ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡಿದ. "ಆತು, ಧೂಳಪ್ಪ ಹತ್ತಲಿ. ಸಾಕಾ?" ಎಂದ, ದೊಡ್ಡ ಉಪಕಾರ ಮಾಡಿದವನಂತೆ.

ಧೂಳಪ್ಪ ಕದಲಲಿಲ್ಲ. "ಮೊದಲ ಭೀಮಣ್ಣನ ಹೆಸರಿಗೆ ಹತ್ತಿದ ಹೆಂಡ ತೊಳೀರಿ. ಆಮ್ಯಾಲ ಹತ್ತತೀನಿ."

ಕಲ್ಯಾಣಪ್ಪ ಬಾನೆಟ್ಟಿನೊಳಗೆ ಕೈ ಹಾಕಿ ಡಬ್ಬಿಯನ್ನು ಕಿತ್ತ. ಈ ಸಲ ನಟ್ಟು ಬಿಚ್ಚಲಿಲ್ಲ, ವೈರು ಸಮೇತ ಎಳೆದ. ಅದನ್ನು ಜನಾಬಾಯಿಯ ಕೈಗೆ ಕೊಟ್ಟ. "ಅಕ್ಕಾ, ಇದನ್ನ ಜೋಡಿಸಿದಾಂವ ನಾನು, ಬಿಚ್ಚಿ ಮುಚ್ಚಿಟ್ಟಾಂವಾನೂ ನಾನ. ಠಾಣ್ಯಾಗ ಹೇಳತೀನಿ ನಡಿ."

"ನಾಳೆ ನಿನ್ನ ಟಪರಿ ಅಲ್ಲಿರೂದಿಲ್ಲ ಮಗನ!" ಸಾವಕಾರ ಹಿಂದಿನಿಂದ ಕಿರುಚಿದ.

"ಗೊತ್ತದ್ರಿ," ಎಂದ ಕಲ್ಯಾಣಪ್ಪ.

ಅಕ್ಕಲಕೋಟದ ಬಸ್ಸಿನಲ್ಲಿ ಅಂದು ನಿಲ್ಲಲೂ ಜಾಗವಿರಲಿಲ್ಲ. ಬಾವಿ ಕಡಿಯುವವರೆಲ್ಲ ಹತ್ತಿದ್ದರು. ವೈರುಗಳು ಜೋತುಬಿದ್ದ ಡಬ್ಬಿ ಜನಾಬಾಯಿಯ ತೊಡೆಯ ಮೇಲಿತ್ತು. ಊರು ದಾಟಿ ಏರು ಬಂತು. ಭಾರಕ್ಕೆ ಬಸ್ಸಿನ ದನಿ ಇಳಿಯಿತು. ಡ್ರೈವರ್ ಕಾಲು ಎತ್ತಿ ಗೇರು ಬದಲಿಸಿದ. ಕಲ್ಯಾಣಪ್ಪನಿಗೆ ಅದು ಕೇಳಿಸಿತು. ಅವನು ಮುಖ ಮುಚ್ಚಿಕೊಂಡು ಅಷ್ಟೂ ಜನರ ನಡುವೆ ಅಳತೊಡಗಿದ.