ಖಾಲಿ ಹೊಟ್ಟೆಯಲ್ಲಿ ಎತ್ತಿದ ಬೀರು

ಹೊಟ್ಟೆ ತುಂಬಿದ್ದರೆ ಮೆಟ್ಟಿಲು ಹತ್ತೋದು ಕಷ್ಟ ಅನ್ನೋದು ಮನೆ ಸಾಮಾನು ಸಾಗಿಸುವ ನಮ್ಮಲ್ಲಿ ಹಳೇ ಮಾತು. ನಾನಂತೂ ಬರೀ ಟೀ ಕುಡಿದು ಹೊರಡುತ್ತಿದ್ದೆ. ನನ್ನ ಜೋಡಿ, ಅಂದರೆ ಹೆಂಡತಿಯ ತಮ್ಮ, ಲಾರಿಯಲ್ಲೇ ಕೂತು ಡಬ್ಬಿ ಬಿಚ್ಚುತ್ತಿದ್ದ. "ದುಡಿಯೋಕೆ ಬಂದಿದ್ದೀಯೋ, ಉಣ್ಣೋಕೋ?" ಎಂದು ಎಲ್ಲರೆದುರು ಆಡಿಕೊಳ್ಳುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವತ್ತು ನಾಲ್ಕನೇ ಮಹಡಿಗೆ ಕಬ್ಬಿಣದ ಬೀರು ಏರಿಸಬೇಕಿತ್ತು. ಹಿಂದಿನ ದಿನ ಎರಡು ಮನೆಯ ಸಾಮಾನು ಹೊತ್ತು, ಸುಸ್ತಾಗಿ ಉಣ್ಣದೆ ಮಲಗಿದ್ದೆ. ಬೀರುವಿನ ಮೇಲಿನ ತುದಿ ನನ್ನದು, ಕೆಳಗಿನದು ಅವನದು. ಮೂರನೇ ಮಹಡಿ ದಾಟುವಾಗ ನನ್ನ ತೊಡೆ ನಡುಗಿತು, ಕಣ್ಣು ಮಂಜಾಯಿತು, ಕೈ ಬಿಟ್ಟೆ. ಬೀರು ಜಾರಿ ಅವನ ಮಣಿಕಟ್ಟನ್ನು ಗೋಡೆಗೆ ಒತ್ತಿತು, ಮೂಳೆ ಮುರಿಯಿತು.

"ಮೆಟ್ಟಿಲು ಒದ್ದೆ ಇತ್ತು," ಅಂದುಬಿಟ್ಟೆ.

ಕಟ್ಟಡದ ಮಾಲೀಕರು ಮೆಟ್ಟಿಲು ಒರೆಸುವ ಅಜ್ಜಿಗೆ "ನಾಳೆಯಿಂದ ಬರಬೇಡ" ಅಂದರು. ಅಜ್ಜಿ ಒಣ ಮೆಟ್ಟಿಲನ್ನು ಅಂಗೈಯಿಂದ ಸವರಿ ನೋಡಿದಳು. ಬಕೆಟ್ಟು ಎತ್ತಿಕೊಂಡು ಇಳಿದು ಹೋದಳು.

ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ನಡುಗುವ ಕೈ ನೋಡಿ, "ಬೆಳಿಗ್ಗೆ ಏನು ತಿಂದ್ರಿ?" ಅಂದರು.

"ಟೀ."

"ನಿನ್ನೆ ರಾತ್ರಿ?"

"ಉಣ್ಣದೆ ಮಲಗಿದ್ದೆ."

"ನೋಡಿ, ತಿಂದ ಅನ್ನ, ಬ್ರೆಡ್ಡು ಸಕ್ಕರೆಯಾಗಿ ಸ್ವಲ್ಪ ಲಿವರ್‌ನಲ್ಲಿ, ಜಾಸ್ತಿ ಮಾಂಸಖಂಡದಲ್ಲಿ ದಾಸ್ತಾನಾಗುತ್ತೆ. ಅದೇ ಗ್ಲೈಕೋಜನ್. ಭಾರ ಎತ್ತಿದಷ್ಟೂ ಮಾಂಸಖಂಡದ್ದು ಕರಗುತ್ತೆ. ಉಪವಾಸ ಮಲಗಿದ್ರೆ ಲಿವರ್‌ನದ್ದೂ ಬೆಳಗಾಗೋದ್ರೊಳಗೆ ಬಹುಪಾಲು ಖಾಲಿ. ಮತ್ತೆ ತುಂಬೋಕೆ ಊಟ ಬೇಕು, ವಿಶ್ರಾಂತಿ ಬೇಕು."

ಹೊಟ್ಟೆ ತಟ್ಟಿಕೊಂಡೆ. "ಇಲ್ಲಿ ಇಷ್ಟೊಂದು ದಾಸ್ತಾನಿದೆಯಲ್ಲ?"

"ಅದು ಕೊಬ್ಬು. ನಿಧಾನಕ್ಕೆ ಉರಿಯುತ್ತೆ. ಬೀರು ಎತ್ತೋ ಅವಸರಕ್ಕೆ ಅದೊಂದೇ ಸಾಲಲ್ಲ."

ಭಾವಮೈದ ನಗಲಿಲ್ಲ. "ಭಾವ, ಮೆಟ್ಟಿಲು ಒಣಗಿತ್ತು," ಅಂದ ಮೆಲ್ಲಗೆ.

ಮನೆಯಲ್ಲಿ ಹೆಂಡತಿ ಬಿಡಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ನಿಮ್ಮ ಜಂಬಕ್ಕೆ ನನ್ನ ತಮ್ಮನ ಕೈ ಬೇಕಿತ್ತಾ?"

ಮರುದಿನ ಹೋಗಿ ಮಾಲೀಕರಿಗೆ ನಿಜ ಹೇಳಿದೆ. ಅಜ್ಜಿಯನ್ನು ಮತ್ತೆ ಕರೆಸಿದರು. ಕ್ಷಮಿಸು ಅನ್ನಲು ಹತ್ತಿರ ಹೋದೆ. ಅವಳೇ ಕೇಳಿದಳು, "ಇವತ್ತಾದ್ರೂ ಏನಾದ್ರೂ ತಿಂದ್ಯೇನಪ್ಪ?" ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಈಗ ನಮ್ಮ ಮನೆಯಿಂದ ಎರಡು ಡಬ್ಬಿ ಹೊರಡುತ್ತವೆ. ಮೊದಲು ಬಿಚ್ಚುವವನು ನಾನೇ.

ಮೈಮುರಿದು ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಸುಸ್ತಾದ ರಾತ್ರಿ ಉಣ್ಣದೆ ಮಲಗಬೇಡಿ. ಕೆಲಸಕ್ಕೆ ಮುಂಚೆ ತಿನ್ನಿ, ನಡುವೆ ಒಂದು ಬಾಳೆಹಣ್ಣಾದರೂ ತಿನ್ನಿ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳಿ. ಕಾಲು ನಡುಗಿದರೆ ಬಾಯಿಬಿಟ್ಟು ಹೇಳಿ, ಭಾರ ಇಳಿಸಿ. ನೀವು ಕೈಬಿಟ್ಟರೆ ಕೆಳಗಿನ ತುದಿಯಲ್ಲಿ ನಿಮ್ಮವರೇ ನಿಂತಿರುತ್ತಾರೆ.